ಹೊಸ ಕಿಟಕಿ ಕೂರುತ್ತಿಲ್ಲವೇ? ಮೊದಲು ಗೋಡೆ ನೋಡಿ

ಹಳೇ ಕಿಟಕಿ ಕಿತ್ತಾಯಿತು. ಹೊಸದನ್ನು ಎತ್ತಿ ಇಟ್ಟರೆ ಒಂದು ಕಡೆ ಬೆರಳು ತೂರುವಷ್ಟು ಸಂದು, ಇನ್ನೊಂದು ಕಡೆ ಗೋಡೆಗೆ ಒತ್ತಿಕೊಂಡಿದೆ. ಕಿಟಕಿ ಮಾಡಿದವರನ್ನು ಬೈಯುವ ಮೊದಲು ಗೋಡೆ ನೋಡಿ. ಎಷ್ಟೋ ಸಲ ಸೊಟ್ಟಗಿರುವುದು ಅದೇ.

ಕಿಟಕಿ ಕೆಳಗಿಳಿಸಿ ಟೇಪು ಹಿಡಿಯಿರಿ. ಅಗಲವನ್ನು ಮೇಲೆ, ನಡುವೆ, ಕೆಳಗೆ ಅಳೆಯಿರಿ. ಎತ್ತರವನ್ನೂ ಹಾಗೇ ಮೂರು ಕಡೆ. ಲೆಕ್ಕಕ್ಕೆ ಬರುವುದು ಚಿಕ್ಕ ಅಳತೆ. ಆಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡು ಸಲ. ಆ ಎರಡು ಅಳತೆಗಳ ನಡುವೆ ವ್ಯತ್ಯಾಸ ಬಂದರೆ ಗೋಡೆಯ ಬಾಯಿ ವಾಲಿದೆ ಎಂದರ್ಥ. ಸುತ್ತಲೂ 5ರಿಂದ 10 ಮಿ.ಮೀ. ಸಂದು ಬೇಕೇ ಬೇಕು. ಬಿಸಿಲಿಗೆ ಚೌಕಟ್ಟು ಹಿಗ್ಗುತ್ತದೆ ಅಲ್ವಾ?

ಕಿಟಕಿಯೇ ದೊಡ್ಡದಾದರೆ ಬದಿಯ ಗಾರೆಯನ್ನು ಉಳಿಯಿಂದ ಕೆತ್ತಬಹುದು. ಇಟ್ಟಿಗೆ ಕಡಿಯಬೇಕಾಗಿ ಬಂದರೆ ಅಲ್ಲಿಗೇ ನಿಲ್ಲಿಸಿ, ಗಾರೆ ಕೆಲಸದವರನ್ನು ಕರೆಯಿರಿ. ಕಿಟಕಿಯ ಮೇಲಿನ ಅಡ್ಡ ತೊಲೆಯನ್ನು, ಅಂದರೆ ಲಿಂಟಲ್ ಅನ್ನು ಅಂತೂ ಮುಟ್ಟಬೇಡಿ. ಮೇಲಿನ ಗೋಡೆಯ ಭಾರ ಹೊತ್ತಿರುವುದು ಅದು.

ಚಿಕ್ಕದಾದರೆ ಸುಮ್ನೆ ಉಬ್ಬಿ ಗಟ್ಟಿಯಾಗುವ ಫೋಮ್ ಊದಿ ಮುಗಿಸುವವರೇ ಜಾಸ್ತಿ. ಫೋಮ್ ಸಂದು ತುಂಬುತ್ತದೆ, ಕಿಟಕಿಯನ್ನು ಹೊರುವುದಿಲ್ಲ. ಎರಡು ಮೂರು ಸೆಂ.ಮೀ. ಕೊರತೆಗೆ ಗೆದ್ದಲು ಹಿಡಿಯದಂತೆ ಔಷಧಿ ಬಳಿದ ಮರದ ಪಟ್ಟಿಯನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿ. ಅದಕ್ಕಿಂತ ಜಾಸ್ತಿ ಇದ್ದರೆ ಇಟ್ಟಿಗೆ ಕಟ್ಟಿಸುವುದೇ ಸರಿ.

ಈಗ ಕೂರಿಸುವ ಕೆಲಸ. ಕೆಳಗೆ ಬೆಣೆ ಕೊಟ್ಟು ಕಿಟಕಿ ನಿಲ್ಲಿಸಿ, ರಸಮಟ್ಟ ಇಟ್ಟು ನೋಡಿ. ಗೋಡೆ ಸೊಟ್ಟಗಿದ್ದರೂ ಕಿಟಕಿ ಮಟ್ಟಕ್ಕೇ ನಿಲ್ಲಬೇಕು. ಉಳಿದ ಸಂದನ್ನು ಎರಡೂ ಬದಿಗೆ ಹಂಚಿ. ಸ್ಕ್ರೂ ಮೂಲೆಯಿಂದ ಸುಮಾರು 150 ಮಿ.ಮೀ. ದೂರದಲ್ಲಿರಲಿ, ನಡುವೆ 600 ಮಿ.ಮೀ. ಮೀರದಿರಲಿ. ಪ್ರತಿ ಸ್ಕ್ರೂ ಪಕ್ಕದಲ್ಲೂ ಬೆಣೆ ಬೇಕು. ಒಮ್ಮೆ ನಾನು ಒಂದು ಕಡೆ ಬೆಣೆ ಮರೆತು ಸ್ಕ್ರೂ ಬಿಗಿದೆ. ಚೌಕಟ್ಟು ಗೋಡೆಯ ಕಡೆಗೆ ಬಿಲ್ಲಿನಂತೆ ಬಾಗಿತು, ಚಿಲಕ ತನ್ನ ತೂತು ಸೇರಲೇ ಇಲ್ಲ. ಅದಕ್ಕೇ ಒಂದೊಂದು ಸ್ಕ್ರೂ ಬಿಗಿದಾಗಲೂ ಕಿಟಕಿಯ ಬಾಗಿಲು ತೆರೆದು ಮುಚ್ಚಿ ನೋಡಿ.

ಸಂದಿಗೆ ಫೋಮ್ ಹಾಕುವಾಗ ಅರ್ಧ ತುಂಬಿದರೆ ಸಾಕು, ಅದು ಉಬ್ಬುತ್ತದೆ. ಒಣಗಿದ ಮೇಲೆ ಕೊಯ್ದು, ಹೊರಗಡೆ ನೀರು ತಡೆಯುವ ಸಿಲಿಕೋನ್ ಅಂಟು ಎಳೆಯಿರಿ. ಚೌಕಟ್ಟಿನ ಕೆಳಗೆ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಅಂದ ಕಾಣಲಿ ಅಂತ ಅವನ್ನೂ ಮುಚ್ಚಿಬಿಡಬೇಡಿ. ಕೆಳಗಿನ ಕಟ್ಟೆ ಹೊರಕ್ಕೆ ಇಳಿಜಾರಾಗಿರಲಿ.

ಸಿಲಿಕೋನ್ ಪೂರ್ತಿ ಒಣಗಿದ ಮೇಲೆ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟು, ಒಳಗಿನ ಮೂಲೆಗಳಿಗೆ ಹಳೇ ಪೇಪರ್ ಒತ್ತಿ ನೋಡಿ. ಒದ್ದೆಯಾದರೆ ಒಳಗಿನಿಂದ ಇನ್ನಷ್ಟು ಸಿಲಿಕೋನ್ ಬಳಿದು ಉಪಯೋಗವಿಲ್ಲ. ಹೊರಗೆ ಹೋಗಿ ಬಿಟ್ಟುಹೋದ ಜಾಗ ಹುಡುಕಿ.