ಎಂಟು ಶನಿವಾರ, ಒಂದು ಕೌದಿ

ನಾನು ನಡೆಸಿದ ಮೊದಲ ಮಾನಸಿಕ ಆರೋಗ್ಯದ ಶಿಬಿರಕ್ಕೆ 42 ಜನ ಬಂದಿದ್ದರು. ಒಂದೇ ದಿನದ ಶಿಬಿರ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಧಾರವಾಡದ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ ನವಲಗುಂದದ ಜಮಖಾನ ಹಾಸಿದ್ದೆ. ಊಟ ಆದ ಮೇಲೆ ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿ, ಮೆತ್ತಗೆ ಕೊಳಲು ಹಾಕಿದೆ. ‘ನಿಮ್ಮ ಅವ್ವನ ಕೈ ನೆನಪು ಮಾಡಿಕೊಳ್ಳಿ. ಆ ಕೈ ಈಗ ನಿಮ್ಮ ತಲೆ ಮೇಲಿದೆ’ ಅಂದೆ. ಐದು ನಿಮಿಷದಲ್ಲಿ ಅರ್ಧ ಹಾಲ್ ಅಳುತ್ತಿತ್ತು. ಸಂಜೆ ಹೋಗುವಾಗ ಒಬ್ಬೊಬ್ಬರೂ ಕೈ ಹಿಡಿದು ‘ಮನಸ್ಸು ಹಗುರಾಯ್ತು ಮೇಡಂ’ ಅಂದರು. ಖುಷಿಗೆ ನನಗೆ ಆ ರಾತ್ರಿ ನಿದ್ದೆಯೇ ಬರಲಿಲ್ಲ.

ಮೂರನೇ ದಿನ ಒಂದು ಫೋನ್ ಬಂತು. ಶಿಬಿರದಲ್ಲಿದ್ದ ಒಬ್ಬ ಹೆಣ್ಣುಮಗಳು. ಆಕೆ ಏಳು ವರ್ಷದವರಿದ್ದಾಗಲೇ ಅವ್ವ ತೀರಿಹೋಗಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಎರಡು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ, ಒಲೆ ಮುಂದೆ ನಿಂತರೆ ಕೈ ನಡುಗುತ್ತದೆ ಅಂದರು. ಆಮೇಲೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: ‘ನೀವು ಬಾಗಲಾ ತಗದು ಹೋದ್ರಿ. ಈಗ ಹಾಕೋರು ಯಾರ್ರಿ?’

ಆಕೆಯ ಮನೆಗೆ ಹೋದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರಡು ತಿಂಗಳು ವಾರಕ್ಕೊಮ್ಮೆ ಹೋಗಿ ಕೂತು ಬಂದೆ. ಆಕೆ ನಿಧಾನಕ್ಕೆ ಸರಿಯಾದರು. ನಾನು ಒಂದು ವರ್ಷ ಶಿಬಿರ ನಿಲ್ಲಿಸಿದೆ.

ಆ ವರ್ಷ ಓದಿದ್ದೇ ಓದಿದ್ದು. ನಾನು ಮಾಡಿದ ತಪ್ಪನ್ನು ಐವತ್ತು ವರ್ಷದ ಹಿಂದೆಯೇ ಅಳೆದು ನೋಡಿದವರಿದ್ದರು. ಅಮೆರಿಕದಲ್ಲಿ ಮನಸ್ಸು ಬಿಚ್ಚಿ ಮಾತಾಡುವ ಗುಂಪುಗಳ ಅಲೆ ಎದ್ದಿದ್ದ ಕಾಲ ಅದು. ಮಾರ್ಟನ್ ಲೀಬರ್‌ಮನ್, ಇರ್ವಿನ್ ಯಾಲೊಮ್, ಮ್ಯಾಥ್ಯೂ ಮೈಲ್ಸ್ ಎಂಬ ಮೂವರು ಸ್ಟ್ಯಾನ್‌ಫರ್ಡ್‌ನ ಸುಮಾರು ಇನ್ನೂರು ವಿದ್ಯಾರ್ಥಿಗಳನ್ನು ಇಂಥ ಬೇರೆ ಬೇರೆ ಗುಂಪುಗಳಲ್ಲಿ ಕೂರಿಸಿ, ತಿಂಗಳುಗಟ್ಟಲೆ ಆದ ಮೇಲೂ ಅವರನ್ನು ವಿಚಾರಿಸಿದರು. 1973ರಲ್ಲಿ ಅದು ಪ್ರಕಟವಾಯಿತು. ನೂರಕ್ಕೆ ಎಂಟರ ಆಸುಪಾಸು ಜನರಿಗೆ ಗುಂಪಿನಿಂದ ನಿಜವಾದ ಪೆಟ್ಟು ಬಿದ್ದಿತ್ತು, ಅದೂ ಬೇಗ ಮಾಯದ ಪೆಟ್ಟು. ಹೆಚ್ಚು ಪೆಟ್ಟು ಬಿದ್ದದ್ದು ಯಾರ ಕೈಯಲ್ಲಿ ಗೊತ್ತೇ? ತುಂಬಾ ವರ್ಚಸ್ಸು ಇದ್ದು, ಜನರನ್ನು ಒತ್ತಿ ಒತ್ತಿ ಬಾಯಿ ಬಿಡಿಸುತ್ತಿದ್ದ ನಾಯಕರ ಕೈಯಲ್ಲಿ. ಓದಿ ಎದೆ ಧಸಕ್ಕೆಂದಿತು.

ಇನ್ನೊಂದು ಅಧ್ಯಯನ ನನಗೆ ದಾರಿ ತೋರಿಸಿತು. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಕಾಲೇಜು ಹುಡುಗ ಹುಡುಗಿಯರಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ದೊಡ್ಡ ನೋವನ್ನು ಬರೆಯಲು ಹೇಳಿದ್ದರು. ನಡೆದದ್ದನ್ನೂ ಆಗ ಅನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ದವಾಖಾನೆಗೆ ಹೋಗಿದ್ದು ಕಡಿಮೆ. ಆದರೆ ಬರೆದು ಮುಗಿಸಿದ ಆ ಹೊತ್ತಿಗೆ ಅವರ ಬೇಸರ ಜಾಸ್ತಿಯೇ ಆಗಿತ್ತು. ಅಂದರೆ ಹೇಳಿಕೊಂಡ ಕೂಡಲೇ ಹಗುರ ಆಗುವುದಿಲ್ಲ, ಮೊದಲು ಭಾರ ಆಗುತ್ತದೆ. ಆ ಭಾರದ ದಿನಗಳಲ್ಲಿ ಜೊತೆಗೆ ಯಾರಾದರೂ ಬೇಕು. ನಾನು ಸಂಜೆ ಐದಕ್ಕೆ ಜಮಖಾನ ಸುತ್ತಿಟ್ಟು ಮನೆಗೆ ಹೋಗಿದ್ದೆ.

ಹಾಗಾಗಿ ಒಂದು ದಿನದ ಶಿಬಿರ ಬಿಟ್ಟೆ. ಎಂಟು ವಾರ ಅಂತ ಮಾಡಿದೆ. ಪ್ರತಿ ಶನಿವಾರ ಮಧ್ಯಾಹ್ನ ಮೂರರಿಂದ ಐದೂಕಾಲು. ಹತ್ತೇ ಜನ. ನಮ್ಮ ಹೆಣ್ಣುಮಕ್ಕಳಿಗೆ ವಾರ ವಾರ ಗೋಲಾಗಿ ಕೂರುವುದು ಹೊಸದಲ್ಲ. ಸ್ವಸಹಾಯ ಸಂಘದಲ್ಲಿ ಉಳಿತಾಯದ ದುಡ್ಡು ಕಟ್ಟಿ, ಪುಸ್ತಕಕ್ಕೆ ಸಹಿ ಹಾಕಿ ರೂಢಿ ಇದೆ. ಆ ಶಿಸ್ತು ನನಗೆ ಬಿಟ್ಟಿ ಸಿಕ್ಕಿತು.

ಆದರೆ ಮಾತೇ ಹೊರಡುತ್ತಿರಲಿಲ್ಲ. ಎದುರಾಬದುರು ಕೂತು, ಕೈ ಮಡಿಲಲ್ಲಿಟ್ಟುಕೊಂಡು, ‘ನಿಮಗೆ ಹೇಗನಿಸುತ್ತೆ’ ಅಂತ ಕೇಳಿದರೆ ಎಲ್ಲರೂ ‘ಆರಾಮ್ ಇದ್ದೀನ್ರಿ’ ಅನ್ನುವವರೇ. ಎರಡನೇ ವಾರ ಒಬ್ಬರು ಮನೆಯಲ್ಲಿ ಅರ್ಧ ಹೊಲಿದಿದ್ದ ಕೌದಿ ತಂದಿದ್ದರು, ಬಸ್ಸಿಗೆ ಕಾಯುವಾಗ ಹೊಲಿಯೋಣ ಅಂತ. ಮಾತಿನ ಮಧ್ಯೆ ಸುಮ್ನೆ ತೆಗೆದು ಹೊಲಿಯತೊಡಗಿದರು. ಪಕ್ಕದವರು ಇನ್ನೊಂದು ಅಂಚು ಹಿಡಿದರು. ಹತ್ತು ನಿಮಿಷದಲ್ಲಿ ನಾಲ್ಕು ಜನ ಅದರ ಸುತ್ತ ಕೂತಿದ್ದರು. ಅವತ್ತು ಮೊದಲ ಸಲ ಒಬ್ಬರು ತಮ್ಮ ಗಂಡನ ಕುಡಿತದ ಬಗ್ಗೆ ಹೇಳಿದರು, ಸೂಜಿಯಿಂದ ಕಣ್ಣು ಎತ್ತದೆ.

ಅಲ್ಲಿಂದ ಮುಂದೆ ಪ್ರತಿ ತಂಡವೂ ಒಂದು ಕೌದಿ ಹೊಲಿಯುತ್ತದೆ. ಹಳೆ ಬಟ್ಟೆ ಅವರದೇ. ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡ ಖಣದ ಚೂರು, ಮಕ್ಕಳ ಅಂಗಿ, ಮಾಸಿದ ಧೋತರ. ಕೈಗೆ ಕೆಲಸ ಇದ್ದರೆ ಒಬ್ಬರ ಮುಖ ಇನ್ನೊಬ್ಬರು ನೋಡಲೇಬೇಕು ಅಂತಿಲ್ಲ. ಸುಮ್ಮನಿದ್ದರೂ ಸುಮ್ಮನಿದ್ದಾರೆ ಅಂತ ಅನಿಸುವುದಿಲ್ಲ. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯರು ಹಾಡಿನಲ್ಲಿ ತವರಿನ ಸಂಕಟ ತೋಡಿಕೊಳ್ಳುತ್ತಿದ್ದದ್ದೂ ಹೀಗೇ ಅಲ್ವಾ, ಕೈ ತಿರುಗುತ್ತಿರುವಾಗ. ಇನ್ನೊಂದು ಅನುಕೂಲ ನಾನು ಎಣಿಸಿರಲಿಲ್ಲ. ‘ಮಾನಸಿಕ ಆರೋಗ್ಯದ ಶಿಬಿರ’ ಅಂದರೆ ಎಷ್ಟೋ ಮನೆಯಲ್ಲಿ ಸೊಸೆಯನ್ನು ಕಳಿಸುವುದಿಲ್ಲ. ಕೌದಿ ಹೊಲಿಯಲು ಅಂದರೆ ಕಳಿಸುತ್ತಾರೆ. ಸಂಜೆ ಅತ್ತೆ ‘ಏನ್ ಮಾತಾಡಿದ್ರಿ ಅಲ್ಲಿ’ ಅಂತ ಕೇಳಿದರೆ ‘ಕೌದಿ ಹೊಲಿದ್ವಿ’ ಅನ್ನಬಹುದು. ಅದು ಸುಳ್ಳೂ ಅಲ್ಲ.

ತಂಡ ಶುರುವಾಗುವ ಮುಂಚೆ ಒಬ್ಬೊಬ್ಬರನ್ನೂ ಅರ್ಧ ಗಂಟೆ ಬೇರೆಯಾಗಿ ಭೇಟಿ ಮಾಡುತ್ತೇನೆ. ಈಚೆಗೆ ಮನೆಯಲ್ಲಿ ಸಾವಾಗಿದೆಯಾ, ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಬದುಕೇ ಬೇಡ ಅನಿಸಿದೆಯಾ? ಮೂರನೆಯದನ್ನು ಕೇಳಲು ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಈಗ ನೇರವಾಗಿ ಕೇಳುತ್ತೇನೆ. ಹೌದು ಅಂದವರನ್ನು ಗುಂಪಿಗೆ ಸೇರಿಸುವುದಿಲ್ಲ. ಜೊತೆಗೆ ಕೂತು ಅವರ ಮನೆಯವರಲ್ಲಿ ನಂಬಿಕೆಯವರು ಯಾರು ಅಂತ ಕೇಳಿ, ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗುತ್ತೇನೆ. ಔಷಧಿ ಬೇಕಾದವರಿಗೆ ಕೌದಿ ಸಾಲದು. ಹಾಲ್‌ನ ಗೋಡೆ ಮೇಲೆ 14416 ಅಂತ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ. ಅದು ಮನಸ್ಸಿನ ಕಷ್ಟಕ್ಕೆ ಸರ್ಕಾರ ನಡೆಸುವ ಸಹಾಯವಾಣಿ ಟೆಲಿ ಮಾನಸ್‌ನ ನಂಬರು, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮೊದಲ ವಾರವೇ ಎಲ್ಲರ ಫೋನ್‌ನಲ್ಲೂ ಸೇವ್ ಮಾಡಿಸುತ್ತೇನೆ.

ನಮ್ಮಲ್ಲಿ ಕಟ್ಟಳೆ ಮೂರೇ. ಇಲ್ಲಿ ಕೇಳಿದ್ದನ್ನು ಹೊರಗೆ ಹೇಳಬಾರದು. ಮಾತಾಡಲು ಮನಸ್ಸಿಲ್ಲದಿದ್ದರೆ ಆಡಬೇಕಿಲ್ಲ. ಯಾರಿಗೂ ಸಲಹೆ ಕೊಡಬಾರದು.

ಮೂರನೆಯದೇ ಕಷ್ಟ. ನಮ್ಮ ಜನರ ಪ್ರೀತಿಯೆಲ್ಲ ಸಲಹೆಯಾಗಿಯೇ ಹೊರಗೆ ಬರುತ್ತದೆ. ಒಬ್ಬರು ನಿದ್ದೆ ಬರಲ್ಲ ಅಂದರೆ ಸಾಕು, ಗಸಗಸೆ ಹಾಲು, ಕಾಲಿಗೆ ಎಣ್ಣೆ, ಇಂಥ ದೇವರಿಗೆ ಹರಕೆ ಅಂತ ಒಂಬತ್ತು ಬಾಯಿ ಒಟ್ಟಿಗೆ ಶುರು. ಹೇಳುತ್ತಿದ್ದವರ ಮಾತು ಅಲ್ಲಿಗೆ ನಿಂತುಹೋಗುತ್ತದೆ. ತಂಡದವರೇ ಸೇರಿ ಒಂದು ಉಪಾಯ ಮಾಡಿದರು. ಸಲಹೆ ಕೊಟ್ಟವರು ಎಲ್ಲರ ಸೂಜಿಗೂ ದಾರ ಪೋಣಿಸಿಕೊಡಬೇಕು. ಈಗ ಯಾರಾದರೂ ‘ನೀ ಹಿಂಗ್ ಮಾಡು’ ಅಂದ ಕೂಡಲೇ ಸುತ್ತಲಿನವರು ನಗುತ್ತಾ ಸೂಜಿ ಮುಂದೆ ಹಿಡಿಯುತ್ತಾರೆ. ಸಲಹೆ ಬದಲು ಏನು ಕೇಳಬೇಕು ಅಂತ ಕಲಿಸಿದ್ದೇನೆ: ‘ಆಗ ನಿನಗೆ ಹೆಂಗಾತು?’ ಇಷ್ಟೇ ಕೇಳಿ ಕೈಯಲ್ಲಿನ ಹೊಲಿಗೆ ಮುಂದುವರಿಸುವುದು.

ಮೊದಲನೇ ಕಟ್ಟಳೆ ಒಮ್ಮೆ ಮುರಿದಿತ್ತು. ಸಣ್ಣ ಊರು, ಎಲ್ಲರೂ ಎಲ್ಲರಿಗೂ ಸಂಬಂಧಿಕರು. ಒಬ್ಬರ ಮನೆಯ ಜಗಳದ ಮಾತು ಮೂರು ದಿನದಲ್ಲಿ ಸುತ್ತಿ ಬಳಸಿ ಅವರ ಅತ್ತೆಯ ಕಿವಿ ಮುಟ್ಟಿತು. ಮುಂದಿನ ಶನಿವಾರ ಕೌದಿ ಬಿಚ್ಚಿ ಹಾಸಲಿಲ್ಲ. ‘ಹೀಗಾಗಿದೆ’ ಅಂತ ಹೇಳಿ ಸುಮ್ಮನೆ ಕೂತೆ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬರು ‘ನಾನೇ ನಮ್ಮ ಅಕ್ಕನ ಮುಂದೆ ಅಂದೆ’ ಅಂತ ಒಪ್ಪಿಕೊಂಡರು. ನೊಂದವರು ಆ ವಾರ ಆಕೆಯ ಜೊತೆ ಮಾತಾಡಲಿಲ್ಲ, ಮುಂದಿನ ವಾರವೂ ಇಲ್ಲ. ಆದರೆ ಇಬ್ಬರೂ ಬರುವುದು ಬಿಡಲಿಲ್ಲ. ಅಂದಿನಿಂದ ಓರಗಿತ್ತಿಯರನ್ನು, ಒಂದೇ ಓಣಿಯವರನ್ನು ಒಂದೇ ತಂಡಕ್ಕೆ ಹಾಕುವುದಿಲ್ಲ.

ಒಬ್ಬರ ವಿಷಯ ಹೇಳಲೇಬೇಕು. ಅವರ ಒಪ್ಪಿಗೆ ಕೇಳಿ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ. ಅರವತ್ತರ ಹತ್ತಿರದ ವಯಸ್ಸು. ಮೂರು ವಾರ ಬಂದರು, ಹೊಲಿದರು, ಚಹಾ ಕುಡಿದರು, ಹೋದರು. ಒಂದು ಮಾತಿಲ್ಲ. ಹಳೆಯ ನಾನಾಗಿದ್ದರೆ ‘ಅಮ್ಮಾ, ನೀವೂ ಏನಾದರೂ ಹೇಳಿ’ ಅನ್ನುತ್ತಿದ್ದೆ. ಈ ಸಲ ಅನ್ನಲಿಲ್ಲ. ನಾಲ್ಕನೇ ವಾರ ಚೀಲದಿಂದ ಒಂದು ತಿಳಿನೀಲಿ ಅಂಗಿ ತೆಗೆದರು. ಶಾಲೆಯ ಸಮವಸ್ತ್ರ. ಇಸ್ತ್ರಿ ಮಾಡಿತ್ತು. ಕಿಸೆ ಮೇಲೆ ಶಾಯಿ ಸೋರಿದ ಕಲೆ ಹಾಗೇ ಇತ್ತು. ‘ಇದು ನನ್ನ ಮಗಂದು, ಹತ್ತನೇತ್ತಾ ಇದ್ದಾಗಿಂದು’ ಅಂದು, ಕತ್ತರಿಸದೆ, ಇಡೀ ಅಂಗಿಯನ್ನೇ ಕೌದಿಯ ನಡುವೆ ಹಾಸಿದರು.

ಎಲ್ಲರ ಸೂಜಿ ನಿಂತಿತು. ಯಾರೂ ‘ಏನಾಯ್ತು’ ಅಂತ ಕೇಳಲಿಲ್ಲ. ಆಕೆ ಒಂದು ತೋಳಿನ ಅಂಚಿನಿಂದ ಹೊಲಿಯತೊಡಗಿದರು. ಸ್ವಲ್ಪ ಹೊತ್ತಿಗೆ ಎದುರಿಗೆ ಕೂತಿದ್ದ ಹುಡುಗಿ, ತಂಡದಲ್ಲೇ ಚಿಕ್ಕವಳು, ಸರಿದು ಬಂದು ಇನ್ನೊಂದು ತೋಳನ್ನು ಹೊಲಿಯಲು ಕೂತಳು. ಅವತ್ತು ನಡೆದದ್ದು ಇಷ್ಟೇ. ಐದನೇ ವಾರ ಆಕೆ ಬಂದವರೇ ಇಪ್ಪತ್ತು ನಿಮಿಷ ಮಾತಾಡಿದರು, ನಿಲ್ಲಿಸದೆ. ಹನ್ನೊಂದು ವರ್ಷದಲ್ಲಿ ಮಗನ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು ಅಂದರು.

ಐದು ಗಂಟೆಗೆ ಇಪ್ಪತ್ತು ನಿಮಿಷ ಇರುವಾಗ ಸೂಜಿ ಇಡಿಸುತ್ತೇನೆ. ಆಮೇಲೆ ಹೊಸ ವಿಷಯ ತೆಗೆಯುವ ಹಾಗಿಲ್ಲ. ಯಾರಾದರೂ ಆಗಲೇ ದೊಡ್ಡದೊಂದನ್ನು ಶುರು ಮಾಡಿದರೆ, ‘ಇದು ದೊಡ್ಡ ಮಾತು, ಮುಂದಿನ ವಾರ ನಿಮ್ಮಿಂದಲೇ ಶುರು’ ಅನ್ನುತ್ತೇನೆ. ಹಾಗೆ ಹೇಳುವಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಆದರೂ ಹೇಳುತ್ತೇನೆ. ಕೊನೆಗೆ ಪ್ರತಿಯೊಬ್ಬರೂ ಮನೆಗೆ ಹೋಗಿ ಮಾಡುವ ಮೊದಲ ಕೆಲಸ ಹೇಳಬೇಕು. ‘ಅಕ್ಕಿ ನೆನೆ ಹಾಕಬೇಕು’, ‘ಮೊಮ್ಮಗನ ಟ್ಯೂಷನ್‌ಗೆ ಹೋಗಬೇಕು’. ಮನಸ್ಸು ಮೆಲ್ಲಗೆ ಮನೆಯ ಕಡೆ ತಿರುಗುತ್ತದೆ. ಅವತ್ತು ಅತ್ತವರಿಗೆ ಮರುದಿನ ಬೆಳಿಗ್ಗೆ ನಾನೇ ಫೋನ್ ಮಾಡುತ್ತೇನೆ, ತಪ್ಪಿಸುವುದಿಲ್ಲ. ತಿಂಗಳಿಗೊಮ್ಮೆ ನಾನೂ ಒಬ್ಬ ಹಿರಿಯ ಮನಶ್ಶಾಸ್ತ್ರಜ್ಞೆಯ ಎದುರು ಕೂತು ನನ್ನ ತಂಡದ ಬಗ್ಗೆ, ನನ್ನ ಬಗ್ಗೆ ಹೇಳಿಕೊಳ್ಳುತ್ತೇನೆ. ಕೇಳುವವರಿಗೂ ಕೇಳುವವರು ಬೇಕು.

ಗಂಡಸರ ತಂಡವನ್ನೂ ಮಾಡಿದೆ, ಒಂಬತ್ತು ಜನ, ಎಲ್ಲರೂ ನಿವೃತ್ತರು. ಅವರ ಕೈಗೆ ಸೂಜಿ ಒಗ್ಗಲಿಲ್ಲ. ಕೆಲಗೇರಿ ಕೆರೆಯ ದಂಡೆ ಮೇಲೆ ಇಬ್ಬಿಬ್ಬರಾಗಿ ನಡೆಸಿದೆ. ಪಕ್ಕಪಕ್ಕ ನಡೆಯುವಾಗ ಮಾತು ಬಂತು. ಆರು ಜನ ಕೊನೆವರೆಗೂ ಉಳಿದರು.

ಖರ್ಚು ದೊಡ್ಡದೇನಲ್ಲ. ದಾರ, ಸೂಜಿ, ಚಹಾ. ವಾರಕ್ಕೆ 50 ರೂಪಾಯಿ, ಇಲ್ಲದವರು ಕೊಡಬೇಕಿಲ್ಲ.

ಎಂಟನೇ ವಾರ ಕೌದಿಯ ಕೊನೆಯ ಚೌಕ ಹೊಲಿಯುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡುತ್ತಾರೆ. ಮೊದಲ ತಂಡದ ಒಬ್ಬ ಹಿರಿಯರು ತಮ್ಮ ಮನೆಯ ರೂಢಿ ಅಂತ ಮಾಡಿದ್ದು, ಈಗ ಎಲ್ಲ ತಂಡಗಳಲ್ಲೂ ನಡೆದು ಬಂದಿದೆ. ಕೌದಿಯ ಹೊಟ್ಟೆ ಖಾಲಿ ಇರಬಾರದಂತೆ. ಕೌದಿ ಯಾರಿಗೆ ಅನ್ನುವುದನ್ನು ತಂಡವೇ ತೀರ್ಮಾನಿಸುತ್ತದೆ. ನೀಲಿ ಅಂಗಿಯ ಕೌದಿ ಆ ತಾಯಿಗೇ ಹೋಗಲಿ ಅಂತ ಎಲ್ಲರೂ ಅಂದರು. ಆಕೆ ಬೇಡ ಅಂದರು. ಇನ್ನೊಂದು ತೋಳು ಹೊಲಿದಿದ್ದ ಹುಡುಗಿಗೆ ಆಗ ಆರು ತಿಂಗಳು ತುಂಬಿತ್ತು. ಅವಳ ಮಡಿಲಿಗೆ ಇಟ್ಟರು. ಹೋದ ತಿಂಗಳು ಅವಳ ಮನೆಗೆ ಹೋಗಿದ್ದೆ. ಕೂಸು ಅದರ ಮೇಲೆಯೇ ಮಲಗಿತ್ತು, ಒಂದು ಕಾಲು ಶಾಯಿ ಕಲೆಯ ಕಿಸೆಯ ಮೇಲೆ ಚಾಚಿಕೊಂಡು.