ಎಂಜಿಬಿಯ ಹಿಂದಿನ ವೀಲ್ ಸಿಲಿಂಡರ್ ಬದಲಿಸುವುದು: ಕ್ಲಿಪ್ ಒಂದನ್ನು ಗೆದ್ದರೆ ಸಾಕು

ಪುಣೆಯ ಮಳೆಗಾಲ ಪೂರ್ತಿ ಸುಮ್ನೆ ನಿಂತಿದ್ದ ನಮ್ಮ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯ ಬ್ರೇಕ್ ಪೆಡಲ್ ಒತ್ತಿದರೆ ಮೆಲ್ಲಗೆ ಇಳಿಯುತ್ತಿತ್ತು. ಹಿಂದಿನ ಡ್ರಮ್ ಬಿಚ್ಚಿ, ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಉಗುರಿನಿಂದ ಎತ್ತಿದೆ. ಡಿಕಾಕ್ಷನ್ ಥರ ಕಪ್ಪು ಆಯಿಲ್ ಬೆರಳಿಗೆ ಇಳಿಯಿತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಒಳಗೆ ತುಕ್ಕು ಹಿಡಿಯುತ್ತದೆ, ತುಕ್ಕು ಸೀಲನ್ನು ತಿನ್ನುತ್ತದೆ. ಹಾಗಾಗಿ ಬರೀ ರಬ್ಬರ್ ಕಿಟ್ ಹಾಕಬೇಡಿ. ಸಿಲಿಂಡರ್ ಹೊಸದೇ ಹಾಕಿ, ಎರಡೂ ಕಡೆ.

ಇದರ ನಟ್‌ಗಳು ಇಂಚಿನ ಅಳತೆಯವು. ಮಿಲಿಮೀಟರ್ ಪಾನಾ ಹಾಕಿ ತಿರುಗಿಸಿದರೆ ಮೂಲೆ ಸವೆದು ಹೋಗುತ್ತದೆ. ಇಂಚಿನ ಪಾನಾ ಪುಣೆಯ ನಾನಾ ಪೇಟೆಯಲ್ಲಿ ಕೇಳಿ, ಇಲ್ಲದಿದ್ದರೆ ಜೂನಾ ಬಜಾರಿನ ಹಳೇ ಸಾಮಾನಿನ ರಾಶಿಯಲ್ಲಿ ಹುಡುಕಿ.

ಪೈಪಿನ ನಟ್‌ಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಹ್ಯಾಂಡ್‌ಬ್ರೇಕ್ ಇಳಿಸಿ. ಡ್ರಮ್ ಬರದಿದ್ದರೆ ಅದರ ಹಿಂಬದಿ ತಟ್ಟೆಯ ಚೌಕ ತಲೆಯ ಅಡ್ಜಸ್ಟರನ್ನು ಸಡಿಲ ಮಾಡಿ. ಬ್ರೇಕ್ ಶೂ ಮೇಲಿನ ಲೈನರ್ ಧೂಳನ್ನು ಊದಬೇಡಿ, ಹಳೆಯದರಲ್ಲಿ ಆಸ್ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಸ್ಪ್ರಿಂಗ್ ಕಳಚುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಈಗ ಅಸಲಿ ಕೆಲಸ. ಸಿಲಿಂಡರನ್ನು ತಟ್ಟೆಗೆ ಹಿಡಿದಿರುವುದು ಹಿಂಬದಿಯ ಒಂದೇ ಒಂದು ಉಕ್ಕಿನ ಇ-ಕ್ಲಿಪ್, ಇಂಗ್ಲಿಷ್ E ಆಕಾರದ್ದು. ಪೈಪ್ ಬಿಚ್ಚಿ, ಹಳೆಯ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ಬಿಸಾಡಿ. ಹೊಸದನ್ನು ಸ್ಕ್ರೂಡ್ರೈವರ್, ಸುತ್ತಿಗೆ ಹಿಡಿದು ಕೂರಿಸಲು ಹೋದರೆ ಅದು ಹಾರಿ ಗ್ಯಾರೇಜಿನ ಮೂಲೆ ಸೇರುತ್ತದೆ, ನಾನು ಒಂದು ಮಧ್ಯಾಹ್ನ ಪೂರ್ತಿ ಅದರಲ್ಲೇ ಕಳೆದೆ. ಸುಲಭದ ದಾರಿ ಇದು: ಸಿಲಿಂಡರಿಗೂ ಹಬ್‌ಗೂ ನಡುವೆ ಬಿಗಿಯಾಗಿ ಮರದ ತುಂಡು ಸಿಕ್ಕಿಸಿ, ಸಿಲಿಂಡರ್ ಹಿಂದೆ ಸರಿಯಬಾರದು. ಬ್ಲೀಡ್ ನಿಪ್ಪಲ್, ಅಂದರೆ ಗಾಳಿ ತೆಗೆಯುವ ಸಣ್ಣ ಸ್ಕ್ರೂ, ಬಿಚ್ಚಿಡಿ. ಕ್ಲಿಪ್ ಇಟ್ಟು, ಅದರ ಮೇಲೆ 1-1/8 ಇಂಚಿನ ಸಾಕೆಟ್ ಕೂರಿಸಿ ನೇರವಾಗಿ ಒತ್ತಿ. ಮೂರೂ ಹಲ್ಲು ಸಿಲಿಂಡರಿನ ಗ್ರೂವ್‌ಗೆ ಬೀಳುವಾಗ ಟಕ್ ಅನ್ನುತ್ತದೆ. ಬೆರಳಾಡಿಸಿ ನೋಡಿ, ಒಂದು ಹಲ್ಲು ಮೇಲಿದ್ದರೂ ಬಿಡಬೇಡಿ.

ಪೈಪಿನ ನಟ್ಟನ್ನು ಮೊದಲ ಎರಡು-ಮೂರು ಸುತ್ತು ಕೈಯಲ್ಲೇ ತಿರುಗಿಸಿ. ಅಡ್ಡ ಕಚ್ಚಿದರೆ ಹೊಸ ಸಿಲಿಂಡರ್ ಹೋಯಿತು ಅಂತಲೇ ಅರ್ಥ. ಆಯಿಲ್ ಕುಡಿದ ಲೈನರನ್ನು ಎಷ್ಟು ತೊಳೆದರೂ ಹಿಡಿತ ಬರುವುದಿಲ್ಲ, ಬದಲಿಸಿ.

ನಿಪ್ಪಲ್, ಶೂ, ಡ್ರಮ್ ಎಲ್ಲ ಮತ್ತೆ ಕೂರಿಸಿ, ಹೊಸ ಡಬ್ಬಿಯ ಡಾಟ್ 4 ಬ್ರೇಕ್ ಆಯಿಲ್ ತುಂಬಿ. ಹೋದ ವರ್ಷ ತೆರೆದಿಟ್ಟ ಡಬ್ಬಿ ಬೇಡ. ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಬಲಗಡೆ ಸ್ಟೀರಿಂಗ್ ಇದ್ದರೆ ಎಡ ಹಿಂಚಕ್ರದಿಂದ ಗಾಳಿ ತೆಗೆಯಲು ಶುರು ಮಾಡಿ. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ನೀವು ನಿಪ್ಪಲ್ ಮುಚ್ಚುವವರೆಗೂ ಕಾಲು ಎತ್ತಬಾರದು. ಆಮೇಲೆ ಚಕ್ರ ಲಾಕ್ ಆಗುವವರೆಗೆ ಅಡ್ಜಸ್ಟರ್ ಬಿಗಿ ಮಾಡಿ, ಸಲೀಸಾಗಿ ತಿರುಗುವಷ್ಟು ಸಡಿಲಿಸಿ.

ಮನೆ ಮುಂದಿನ ಗಲ್ಲಿಯಲ್ಲೇ ನಿಧಾನಕ್ಕೆ ಓಡಿಸಿ ನೋಡಿ. ರಾತ್ರಿ ಹಿಂಬದಿ ತಟ್ಟೆಯ ಕೆಳಗೆ ಹಳೇ ಪೇಪರ್ ಹಾಸಿಡಿ. ಬೆಳಿಗ್ಗೆ ಅದು ಒಣಗಿದ್ದರೆ ಮಾತ್ರ ಕಾತ್ರಜ್ ಘಾಟ್ ಕಡೆ ಹೊರಡಿ.