ಕುಂಡದ ಪುದೀನ: ಅರ್ಧ ಕತ್ತರಿಸಿ ಎಸೆಯುವ ನನ್ನ ಪದ್ಧತಿ

"ಅಲ್ರೀ, ಅರ್ಧ ಬೇರು ಕೊಯ್ದು ಎಸೆದ್ರೆ ಗಿಡ ಉಳಿಯುತ್ತಾ?" ಗಿಡ ಬೆಳೆಸುವ ಗೆಳೆಯರೆಲ್ಲ ಕೇಳಿದ್ದು ಇದನ್ನೇ. ಉಳಿದಿದೆ. ಅದೇ ಕುಂಡ ಈಗ ಹತ್ತಿರ ಹತ್ತಿರ ನಾಲ್ಕನೇ ವರ್ಷಕ್ಕೆ ಕಾಲಿಟ್ಟಿದೆ, ಎಲೆಗೆ ಇನ್ನೂ ಮೊದಲಿನ ಘಮ ಇದೆ. ಇಷ್ಟಾದ ಮೇಲೆ ಸ್ವಲ್ಪ ಜಂಬ ಕೊಚ್ಚಿಕೊಂಡರೆ ತಪ್ಪಿಲ್ಲ.

ಕಡ್ಡಿ ಚುಚ್ಚಿ ಪುದೀನ ಚಿಗುರಿಸುವುದು ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಹೇಳುವುದಿಲ್ಲ. ತಾಪತ್ರಯ ಶುರುವಾಗುವುದು ವರ್ಷ ಕಳೆದ ಮೇಲೆ. ಎಲೆ ಸಣ್ಣದಾಗುತ್ತದೆ, ಕಡ್ಡಿ ಒರಟಾಗುತ್ತದೆ, ನಡುವೆ ಎಲ್ಲ ಒಣಗಿ ಅಂಚಿನಲ್ಲಿ ಮಾತ್ರ ಹಸಿರು ಉಳಿಯುತ್ತದೆ, ಬೋಳುತಲೆಯ ಸುತ್ತ ಉಳಿದ ಕೂದಲಿನ ಹಾಗೆ. ಗೊಬ್ಬರ ಸಾಲದು ಎಂದರು. ಹಾಕಿದೆ. ಎಲೆ ಅಗಲವಾಗಿ ಮೆತ್ತಗಾಯಿತು, ಘಮ ಇಳಿಯಿತು, ಎಳೆ ತುದಿಗಳಿಗೆಲ್ಲ ಹೇನು ಮುತ್ತಿತು. ಸಾರಜನಕ ಅತಿಯಾದರೆ ಆಗುವುದೇ ಇದು.

ಆಮೇಲೆ ಕುಂಡ ಸಾಲದು ಎಂಬ ಸಲಹೆ ಬಂತು. ತಾನೇ ನೀರುಣಿಸಿಕೊಳ್ಳುವಂಥ ಆಳದ ಕುಂಡವೊಂದನ್ನು ತಂದೆ. ಅದಕ್ಕೆ ಕೊಟ್ಟ ದುಡ್ಡಿನಲ್ಲಿ ವರ್ಷಪೂರ್ತಿ ಪುದೀನ ಕಟ್ಟುಗಳನ್ನೇ ಕೊಳ್ಳಬಹುದಿತ್ತು. ಕುಂಡಕ್ಕಿಂತ ಹೆಚ್ಚು ಖರ್ಚಾದದ್ದು ಅದನ್ನು ತುಂಬಿಸಲು. ಕೊನೆಗೆ ಬೋರಲು ಹಾಕಿ ನೋಡಿದರೆ ಹಬ್ಬುವ ಬಳ್ಳಿಬೇರುಗಳೆಲ್ಲ ಮೇಲಿನ ನಾಲ್ಕೈದು ಇಂಚಿನಲ್ಲೇ ಸುತ್ತು ಹಾಕಿಕೊಂಡಿದ್ದವು. ಕೆಳಗಿನ ಮಣ್ಣು ಸದಾ ಒದ್ದೆ, ಹುಳಿ ವಾಸನೆ. ಪುದೀನ ಅಡ್ಡಕ್ಕೆ ಹಬ್ಬುವ ಗಿಡ. ಅಡ್ಡಕ್ಕೆ ಜಾಗ ಮುಗಿದರೆ, ಕೆಳಗೆ ಎಷ್ಟು ಮಣ್ಣಿದ್ದರೂ ವ್ಯರ್ಥ.

ಈಗ ಬಳಸುವುದು ಒಂದೂಕಾಲು ಅಡಿ ಅಗಲ, ಆರೇಳು ಇಂಚು ಆಳದ ಹಳೆಯ ಟಬ್ಬು. ತಳಕ್ಕೆ ಕೈಗೆ ಬಂದಷ್ಟು ತೂತು. ಎರಡು ಪಾಲು ಮಣ್ಣು, ಒಂದು ಪಾಲು ಕಾಂಪೋಸ್ಟು, ಒಂದು ಪಾಲು ಕೊಕೊಪೀಟು (ತೆಂಗಿನ ನಾರಿನ ಪುಡಿ), ಅಂಟು ಮಣ್ಣಾದರೆ ದಪ್ಪ ಮರಳು. ಹೊಸ ಮಿಶ್ರಣಕ್ಕೆ ಇನ್ನೊಂದು ವಸ್ತುವೂ ಒಂದು ಹಿಡಿ ಬೀಳುತ್ತದೆ; ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಇಲ್ಲದಿದ್ದರೂ ಕೆಲಸ ನಡೆಯುತ್ತದೆ.

ನಡು ಬೋಳಾಗುವ ಮುನ್ನವೇ, ಅಂದರೆ ಹೊಸ ಚಿಗುರುಗಳು ಅಂಚಿಗೆ ಗುಂಪುಗೂಡತೊಡಗಿದಾಗಲೇ, ಕೈ ಹಾಕಬೇಕು. ಹಿಂದಿನ ದಿನ ಚೆನ್ನಾಗಿ ನೀರು. ಒಂದು ಬದಿಯ ಕಡ್ಡಿಗಳನ್ನೆಲ್ಲ ಮಣ್ಣಿನಿಂದ ಒಂದಿಂಚು ಬಿಟ್ಟು ಸವರಿ, ಹಲ್ಲಿನ ಚಾಕುವಿನಿಂದ ಟಬ್ಬಿನ ನಟ್ಟನಡುವೆ ತಳದವರೆಗೆ ಸೀಳುತ್ತೇನೆ. ಸವರಿದ ಅರ್ಧ ಬೇರುಮುದ್ದೆ ಸಮೇತ ಹೊರಗೆ. ಅದರಲ್ಲಿ ಬೆಳ್ಳಗೆ, ರಸವತ್ತಾಗಿರುವ ಬಳ್ಳಿಬೇರು ಆರಿಸಿಕೊಂಡು, ಕಂದು ಬಣ್ಣಕ್ಕೆ ತಿರುಗಿ ನಾರಾದದ್ದನ್ನೆಲ್ಲ ಎಸೆಯುತ್ತೇನೆ. ಎಸೆಯುವಾಗ ಹೊಟ್ಟೆ ಚುರ್ರೆನ್ನುತ್ತದೆ, ಆದರೂ ಎಸೆಯಲೇಬೇಕು. ಖಾಲಿ ಜಾಗಕ್ಕೆ ಹೊಸ ಮಿಶ್ರಣ ತುಂಬಿ, ಗೇಣುದ್ದದ ನಾಲ್ಕೈದು ತುಂಡುಗಳನ್ನು ಎರಡು ಬೆರಳಿನಷ್ಟು ಆಳದಲ್ಲಿ ಮಲಗಿಸುತ್ತೇನೆ. ಬೆಳೆಯುವ ತುದಿ ಮಾತ್ರ ಕುಂಡದ ನಡುವಿನ ಕಡೆಗೇ ಮುಖ ಮಾಡಿರಬೇಕು; ಹೊರಕ್ಕೆ ತಿರುಗಿಸಿದರೆ ಮತ್ತೆ ಅಂಚಿಗೇ ಓಡುತ್ತವೆ.

ಉಳಿದರ್ಧವನ್ನು ಮುಟ್ಟುವುದಿಲ್ಲ. ಈ ಪದ್ಧತಿಯ ಲಾಭವೇ ಅದು: ಅಡುಗೆಮನೆಗೆ ಎಲೆ ತಪ್ಪುವುದಿಲ್ಲ. ಹೊಸ ಬದಿಯಲ್ಲಿ ಹತ್ತು ಹನ್ನೆರಡು ದಿನಕ್ಕೆ ಚಿಗುರು ಕಾಣಿಸುತ್ತದೆ, ಐದಾರು ವಾರಕ್ಕೆ ಕೊಯ್ಲು. ಮೂರ್ನಾಲ್ಕು ತಿಂಗಳು ಬಿಟ್ಟು ಇನ್ನೊಂದು ಬದಿಗೂ ಇದೇ ಗತಿ. ಬಿರುಬಿಸಿಲಿನ ದಿನಗಳಲ್ಲಿ ಮಾತ್ರ ಚಾಕು ಹಿಡಿಯಬೇಡಿ. ಖರ್ಚು? ಪ್ರತಿ ಸಲ ಅರ್ಧ ಟಬ್ಬಿನ ಮಿಶ್ರಣ, ಅಷ್ಟೇ.

ನಡುವೆ ಒಮ್ಮೆ ಎಲೆಯಡಿ ಕಿತ್ತಳೆ ಬಣ್ಣದ ಚುಕ್ಕಿಗಳೆದ್ದವು. ತುಕ್ಕು ರೋಗ. ಇದಕ್ಕೆ ಬೇವಿನೆಣ್ಣೆ ಸಿಂಪಡಿಸುತ್ತ ಕೂರಬೇಡಿ. ಮೇಲಿನದನ್ನೆಲ್ಲ ಸವರಿ ತೆಗೆದುಹಾಕಿ, ಬಳ್ಳಿಬೇರುಗಳನ್ನು ತೊಳೆದು, 44 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 10 ನಿಮಿಷ ಮುಳುಗಿಸಿ, ತಣ್ಣೀರಲ್ಲಿ ಅದ್ದಿ ಹೊಸ ಮಣ್ಣಿಗೆ ನೆಟ್ಟೆ. ಥರ್ಮಾಮೀಟರಿಗೆ ದುಡ್ಡು ಯಾಕೆ ಎಂದು ಗೆಳೆಯರೊಬ್ಬರು ಕೈಯಿಟ್ಟೇ ಬಿಸಿ ನೋಡಿದರು, ಅವರ ಬೇರು ಬೆಂದೇ ಹೋಯಿತು. ನನ್ನದು ಮುಕ್ಕಾಲು ಪಾಲು ಚಿಗುರಿತು.

ಪೆಪ್ಪರ್‌ಮಿಂಟ್ ಬೀಜದ ಪೊಟ್ಟಣ ಕೊಳ್ಳುವವರಿಗೊಂದು ಮಾತು. ಅದು ಎರಡು ಜಾತಿಯ ಪುದೀನ ಕೂಡಿ ಆದ ಮಿಶ್ರತಳಿ, ಮೊಳೆಯುವಂಥ ಬೀಜ ಕಟ್ಟುವುದೇ ಅಪರೂಪ. ಪೊಟ್ಟಣದಿಂದ ಏಳುವುದು ಹೆಚ್ಚಾಗಿ ಬೇರೆ ಯಾವುದೋ ಪುದೀನ. ಬೇರಿನ ತುಂಡನ್ನೇ ಯಾರಿಂದಾದರೂ ಬೇಡಿ ತನ್ನಿ. ನಾನು ಹಾಗೆ ತಂದು ಮನೆಯ ಪುದೀನದ ಜೊತೆ ಒಂದೇ ಟಬ್ಬಿನಲ್ಲಿ ಇಟ್ಟು ನೋಡಿದ್ದೂ ಉಂಟು. ಮನೆಯದು ಒಂದೇ ಹಂಗಾಮಿನಲ್ಲಿ ಅದನ್ನು ಮೂಲೆಗೆ ಒತ್ತಿತು. ಈಗ ನಡುವೆ ತಗಡಿನ ಅಡ್ಡಗೋಡೆ ತಳದವರೆಗೂ ಇಳಿಸಿದ್ದೇನೆ. ಒಂದು ಬಳ್ಳಿ ಆಗಲೇ ಮಣ್ಣಿನ ಮೇಲೆ ಹರಿದು ಬಂದು ತಗಡು ಹತ್ತಲು ನೋಡುತ್ತಿದೆ, ವಾರಕ್ಕೊಮ್ಮೆ ಕತ್ತರಿ ಹಿಡಿದು ಕಾಯಬೇಕಾಗಿದೆ.